ನಿಟಿನಾಲ್ ತಂತಿ ಪದೇಪದೇ ಸಡಿಲವಾಗುತ್ತದೆ: ಅಳೆಯುವುದು ಹೇಗೆ, ಹತೋಟಿಗೆ ತರುವುದು ಹೇಗೆ?

ಪ್ರಶ್ನೆ: ಒಂದು ಸಣ್ಣ ರೋಬೋಟ್ ಕೀಲನ್ನು ಎರಡು ನಿಟಿನಾಲ್ (ಕಾಯಿಸಿದರೆ ಕುಗ್ಗುವ ನಿಕ್ಕಲ್-ಟೈಟಾನಿಯಂ ಮಿಶ್ರಲೋಹ) ತಂತಿಗಳಿಂದ ಆಡಿಸುತ್ತಿದ್ದೇನೆ. ತಂತಿ 0.15 ಮಿ.ಮೀ. ದಪ್ಪ, ತಲಾ 250 ಮಿ.ಮೀ. ಉದ್ದ, 90 ಡಿಗ್ರಿ ದರ್ಜೆಯದು (ಸುಮಾರು 90 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಕುಗ್ಗುವಂಥದ್ದು). ಎರಡನ್ನೂ 10 ಮಿ.ಮೀ. ತ್ರಿಜ್ಯದ ರಾಟೆಗೆ ಎದುರುಬದುರಾಗಿ ಕಟ್ಟಿದ್ದೇನೆ. ಒಂದಕ್ಕೆ ಕರೆಂಟ್ ಕೊಟ್ಟರೆ ಕೀಲು ಎಡಕ್ಕೆ ತಿರುಗುತ್ತದೆ, ಇನ್ನೊಂದಕ್ಕೆ ಕೊಟ್ಟರೆ ಬಲಕ್ಕೆ. ಮೊದಮೊದಲು ಚೆನ್ನಾಗಿತ್ತು. ಈಗ ಕರೆಂಟ್ ಕೊಟ್ಟ ಮೇಲೂ ಸ್ವಲ್ಪ ಹೊತ್ತು ಕೀಲು ಅಲ್ಲಾಡುವುದಿಲ್ಲ, ಆಮೇಲೆ ಒಮ್ಮೆಲೇ ಜಿಗಿಯುತ್ತದೆ. ಕರೆಂಟ್ ಇಲ್ಲದಾಗ ತಂತಿ ಕಣ್ಣಿಗೆ ಕಾಣುವಷ್ಟು ಜೋಲು ಬಿದ್ದಿರುತ್ತದೆ. ಸ್ಕ್ರೂ ತಿರುಗಿಸಿ ಬಿಗಿ ಮಾಡಿದರೆ ಒಂದೆರಡು ದಿನ ಸರಿಯಿರುತ್ತದೆ, ಮತ್ತೆ ಅದೇ ಕಥೆ. ಮೂರನೇ ಸಲ ಬಿಗಿ ಮಾಡಿದ ಮೇಲೆ ಒಂದು ತಂತಿ ತುಂಡೇ ಆಯಿತು. ಈ ಸಡಿಲವನ್ನು ಅಳೆಯುವುದು ಹೇಗೆ? ಬಾರದಂತೆ ತಡೆಯುವುದು ಹೇಗೆ?

ಉತ್ತರ: ಮೊದಲು ಆ ಸ್ಕ್ರೂ ಮೇಲಿಂದ ಕೈ ತೆಗೆಯಿರಿ. ನಿಮ್ಮ ತಂತಿ ತುಂಡಾಗಿದ್ದಕ್ಕೆ ಸಡಿಲಕ್ಕಿಂತ ನೀವು ಮಾಡಿದ ಬಿಗಿಯೇ ಕಾರಣ ಇರಬಹುದು. ಅರ್ಧ ಮಿ.ಮೀ. ಬಿಗಿ ಮಾಡುವುದೆಂದರೆ 250 ಮಿ.ಮೀ. ತಂತಿಯಲ್ಲಿ 0.2 ಶೇಕಡಾ. ಕೇಳಲು ಅತ್ಯಲ್ಪ. ಆದರೆ ನೀವು ಈಗಾಗಲೇ 4 ಶೇಕಡಾ ಹತ್ತಿರ ಎಳೆಯುತ್ತಿದ್ದೀರಿ (10 ಮಿ.ಮೀ. ರಾಟೆಯ ಮೇಲೆ 57 ಡಿಗ್ರಿ ತಿರುಗಬೇಕಾದರೆ 10 ಮಿ.ಮೀ. ಎಳೆತ ಬೇಕು, ಅದು ಸರಿಯಾಗಿ 4 ಶೇಕಡಾ). ಮೂರು ಸಲ ಬಿಗಿ ಮಾಡಿದಾಗ ಅದು 4.6 ಆಯಿತು. ಒಂದು ತಂತಿ ಕಾದು ಪೂರ್ತಿ ಕುಗ್ಗಿದಾಗ ಎದುರಿನ ತಣ್ಣನೆಯ ತಂತಿ ಅಷ್ಟೂ ಹಿಗ್ಗಬೇಕು. ಹಿಗ್ಗದಿದ್ದರೆ ಎರಡರ ಮೇಲೂ ಒತ್ತಡ ಏರುತ್ತದೆ. ಬಹಳ ದಿನ ಬಾಳಬೇಕಾದ ತಂತಿಯನ್ನು ನಾನು 3 ಶೇಕಡಾ ದಾಟಿಸುವುದಿಲ್ಲ.

ಸಡಿಲ ಎಲ್ಲಿಂದ ಬರುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿಯೇ ನೋಡೋಣ, ಏಕೆಂದರೆ ಎದುರುಬದುರು ಜೋಡಿಯಲ್ಲಿ ಅದು ಹುಟ್ಟಿನಿಂದಲೇ ಬರುವ ಗುಣ. ಎಡ ತಂತಿಗೆ ಕರೆಂಟ್ ಕೊಟ್ಟಿದ್ದೀರಿ ಎಂದುಕೊಳ್ಳಿ. ಅದು ಕಾದು ಆಸ್ಟೆನೈಟ್ (ಬಿಸಿಯಾದಾಗಿನ ಒಳರಚನೆ) ಆಗಿ ಕುಗ್ಗುತ್ತದೆ, ಬಲ ತಂತಿಯನ್ನು ಎಳೆದು ಉದ್ದ ಮಾಡುತ್ತದೆ. ತಣ್ಣಗಿರುವ ಮಾರ್ಟೆನ್ಸೈಟನ್ನು (ಆರಿದಾಗಿನ ಒಳರಚನೆ) ಹೀಗೆ ಹಿಗ್ಗಿಸಲು 70 ಮೆಗಾಪಾಸ್ಕಲ್ ಸುಮಾರು ಒತ್ತಡ ಬೇಕು. ನಿಮ್ಮ ದಪ್ಪದ ತಂತಿಗೆ ಅದು 1.2 ನ್ಯೂಟನ್. ಈಗ ಎಡ ತಂತಿಯ ಕರೆಂಟ್ ನಿಲ್ಲಿಸಿ. ಅದು ತಣ್ಣಗಾಗುತ್ತಾ ಮತ್ತೆ ಮಾರ್ಟೆನ್ಸೈಟ್ ಆಗುತ್ತದೆ, ಆದರೆ ಅದನ್ನು ಎಳೆದು ಹಳೆಯ ಉದ್ದಕ್ಕೆ ತರಬೇಕಾದವರು ಯಾರು? ಬಲ ತಂತಿ ಸ್ಪ್ರಿಂಗ್ ಅಲ್ಲ. ಎಳೆದಷ್ಟು ಎಳೆಸಿಕೊಂಡು ಅಲ್ಲೇ ಉಳಿಯುವ ಲೋಹ ಅದು. ಅದರಲ್ಲಿ ನಿಜವಾದ ಸ್ಪ್ರಿಂಗ್‌ನಂತೆ ವಾಪಸು ಬರುವ ಭಾಗ ಅರ್ಧ ಮಿ.ಮೀ. ಆಸುಪಾಸು, ಅಷ್ಟೇ. ಎಡ ತಂತಿ ಆ ಅರ್ಧ ಮಿ.ಮೀ.ನಷ್ಟು ಹಿಗ್ಗುತ್ತಿದ್ದಂತೆ ಎರಡೂ ಕಡೆಯ ಎಳೆತ ಸೊನ್ನೆಗೆ ಇಳಿಯುತ್ತದೆ.

ಕಥೆ ಅಲ್ಲಿಗೇ ನಿಂತಿದ್ದರೆ ತಂತಿ ಸಡಿಲವಾಗುತ್ತಿರಲಿಲ್ಲ, ಎಳೆತವಷ್ಟೇ ಇರುತ್ತಿರಲಿಲ್ಲ. ಆದರೆ ಭಾರ ಹೊತ್ತು ಸಾವಿರಾರು ಸಲ ಕುಗ್ಗಿ ಹಿಗ್ಗಿದ ತಂತಿಗೆ ಇನ್ನೊಂದು ಅಭ್ಯಾಸ ಅಂಟಿಕೊಂಡಿರುತ್ತದೆ. ಯಾರೂ ಎಳೆಯದಿದ್ದರೂ ತಣ್ಣಗಾಗುವಾಗ ಅದು ತಾನಾಗಿಯೇ ಸ್ವಲ್ಪ ಉದ್ದವಾಗುತ್ತದೆ. ಇದನ್ನು ಎರಡು ದಿಕ್ಕಿನ ಸ್ಮರಣೆ ಎನ್ನುತ್ತೇವೆ. ಕಾರ್ಖಾನೆಯಲ್ಲೇ ಪಳಗಿಸಿ ಮಾರುವ ತಂತಿಗಳಲ್ಲಿ ಇದು ಮೊದಲ ದಿನದಿಂದಲೇ ಇರುತ್ತದೆ, ಬಳಸಿದಂತೆ ಇನ್ನಷ್ಟು ಬೆಳೆಯುತ್ತದೆ. ಎಳೆತ ಸೊನ್ನೆಯಾದ ಮೇಲೆ ಹೀಗೆ ಬೆಳೆದ ಉದ್ದಕ್ಕೆ ಹೋಗಲು ಜಾಗವಿಲ್ಲ, ಅದು ಜೋಲು ಬೀಳುತ್ತದೆ. ನೀವು ಬಲ ತಂತಿಗೆ ಕರೆಂಟ್ ಕೊಟ್ಟಾಗ ಅದು ಮೊದಲು ಈ ಜೋಲನ್ನು ತಿಂದು ಮುಗಿಸಬೇಕು, ಆಮೇಲಷ್ಟೇ ಕೀಲನ್ನು ಎಳೆಯಬೇಕು. ನೀವು ಹೇಳಿದ 'ಸ್ವಲ್ಪ ಹೊತ್ತು ಅಲ್ಲಾಡುವುದಿಲ್ಲ, ಆಮೇಲೆ ಜಿಗಿಯುತ್ತದೆ' ಎನ್ನುವುದು ಇದೇ.

ಇದಲ್ಲದೆ ಮಾಮೂಲಿ ಕಾರಣಗಳೂ ಇವೆ: ಕ್ರಿಂಪ್ (ತಂತಿಯ ತುದಿಯನ್ನು ಅದುಮಿ ಹಿಡಿಯುವ ಲೋಹದ ತುಣುಕು) ಜಾರುವುದು, ಚೌಕಟ್ಟು ಬಾಗುವುದು, ತಂತಿಯೇ ಶಾಶ್ವತವಾಗಿ ಉದ್ದವಾಗುವುದು. ಯಾವುದು ಎಷ್ಟು ಎಂದು ಬೇರ್ಪಡಿಸದೆ ಮದ್ದು ಹುಡುಕುವುದರಲ್ಲಿ ಅರ್ಥವಿಲ್ಲ. ಬೇರ್ಪಡಿಸುವ ದಾರಿ ಸುಲಭವಿದೆ. ತಂತಿಯ ಒಂದು ತುದಿಯನ್ನು ಕೀಲಿನಿಂದ ಬಿಡಿಸಿ, ಲಂಬವಾಗಿ ನೇತುಹಾಕಿ, ಕೆಳಗೆ 20 ಗ್ರಾಂ ತೂಕ ಕಟ್ಟಿ. ಪೂರ್ತಿ ಕಾಯಿಸಿ ಉದ್ದ ಅಳೆಯಿರಿ. ಪೂರ್ತಿ ತಣ್ಣಗಾದ ಮೇಲೆ ಇನ್ನೊಮ್ಮೆ ಅಳೆಯಿರಿ. ಬಿಸಿ ಉದ್ದ, ತಣ್ಣನೆಯ ಉದ್ದ, ಎರಡನ್ನೂ ಪುಸ್ತಕದಲ್ಲಿ ಬರೆದಿಡಿ. ವಾರದ ನಂತರ ಬಿಸಿ ಉದ್ದ ಹೆಚ್ಚಿದ್ದರೆ ಲೋಹ ಶಾಶ್ವತವಾಗಿ ಹಿಗ್ಗಿದೆ, ಇಲ್ಲವೇ ಕ್ರಿಂಪ್ ಜಾರಿದೆ. ಬಿಸಿ ಉದ್ದ ಹಾಗೇ ಇದ್ದು ತಣ್ಣನೆಯ ಉದ್ದ ಮಾತ್ರ ಹೆಚ್ಚಿದ್ದರೆ ಅದು ಎರಡು ದಿಕ್ಕಿನ ಸ್ಮರಣೆಯ ಬೆಳವಣಿಗೆ. ಎರಡೂ ಬದಲಾಗದೆ ಯಂತ್ರದಲ್ಲಿ ಮಾತ್ರ ಸಡಿಲ ಕಾಣುತ್ತಿದ್ದರೆ ಚೌಕಟ್ಟಿನ ಕಡೆ ನೋಡಿ. 3ಡಿ ಪ್ರಿಂಟರಿನಲ್ಲಿ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ, ನಿಮ್ಮ ತಂತಿಯೋ 90ರಲ್ಲಿ ಕೆಲಸ ಮಾಡುವಂಥದ್ದು. ಕ್ರಿಂಪ್ ಜಾರಿದ್ದನ್ನು ಹಿಡಿಯಲು ಉಪಕರಣವೇ ಬೇಡ: ಕ್ರಿಂಪಿನ ಬಾಯಿಂದ ತಂತಿಯ ಮೇಲಕ್ಕೆ ಹಾಯುವಂತೆ ಮಾರ್ಕರ್ ಪೆನ್ನಿನಿಂದ ಒಂದು ಗೆರೆ ಎಳೆಯಿರಿ. ಗೆರೆ ತುಂಡಾಗಿ ನಡುವೆ ಬರಿ ಲೋಹ ಹೊಳೆಯತೊಡಗಿದರೆ ಜಾರಿದೆ ಎಂದರ್ಥ.

ಇನ್ನು ಅಳೆಯುವ ವಿಷಯ. ಕಣ್ಣನ್ನು ಮಾತ್ರ ನಂಬಬೇಡಿ, ಅದು ಸಡಿಲವನ್ನು ವಿಪರೀತ ದೊಡ್ಡದು ಮಾಡಿ ತೋರಿಸುತ್ತದೆ. 250 ಮಿ.ಮೀ. ಅಂತರದಲ್ಲಿ ತಂತಿ ಬರೀ ಅರ್ಧ ಮಿ.ಮೀ. ಹೆಚ್ಚು ಉದ್ದವಿದ್ದರೆ ನಡುವೆ ಅದು ಹೆಚ್ಚುಕಡಿಮೆ 7 ಮಿ.ಮೀ. ಪಕ್ಕಕ್ಕೆ ಬಾಗುತ್ತದೆ. 7 ಮಿ.ಮೀ. ಜೋಲು ನೋಡಿದವರು ಗಾಬರಿಯಿಂದ ಸ್ಕ್ರೂ ತಿರುಗಿಸುವುದು ಸಹಜ. ಆದರೆ ಅರ್ಧ ಮಿ.ಮೀ. ಎಂದರೆ ನಿಮ್ಮ ಕೀಲಿನಲ್ಲಿ 3 ಡಿಗ್ರಿಗಿಂತ ಕಡಿಮೆ. ಹಾಗೆಂದು ಜೋಲನ್ನು ಕಡೆಗಣಿಸುವಂತೆಯೂ ಇಲ್ಲ: 7 ಮಿ.ಮೀ. ಬಾಗಿದ ತಂತಿ ಪಕ್ಕದ ಲೋಹದ ಭಾಗಕ್ಕೆ ತಾಗಿದರೆ ಅಲ್ಲಿ ಶಾರ್ಟ್ ಆಗುತ್ತದೆ, ಪ್ಲಾಸ್ಟಿಕ್ಕಿಗೆ ತಾಗಿದರೆ ಅದನ್ನು ಸುಡುತ್ತದೆ.

ಸರಿಯಾಗಿ ಅಳೆಯಬೇಕಾದರೆ ಸಡಿಲಕ್ಕೊಂದು ಸೊನ್ನೆ ಗುರುತು ಬೇಕು. ಎಳೆತ ಸೊನ್ನೆಯಾಗುವ ಬಿಂದುವನ್ನೇ ಸೊನ್ನೆ ಎಂದಿಟ್ಟುಕೊಂಡರೆ ಕೈಗೆ ಸಿಗುವುದಿಲ್ಲ, ಏಕೆಂದರೆ ಅಲ್ಲಿ ಎಳೆತದ ಗೆರೆ ತೀರಾ ಚಪ್ಪಟೆ. ನಾನು 10 ಮೆಗಾಪಾಸ್ಕಲ್ ಎಳೆತದಲ್ಲಿರುವ ಉದ್ದವನ್ನು ಸೊನ್ನೆ ಎಂದಿಟ್ಟುಕೊಳ್ಳುತ್ತೇನೆ. ನಿಮ್ಮ ತಂತಿಗೆ ಅದು 0.18 ನ್ಯೂಟನ್, 18 ಗ್ರಾಂ ತೂಕದಷ್ಟು. ಲೋಹವನ್ನು ಹಿಗ್ಗಿಸುವುದಕ್ಕೆ ಇದು ಬಹಳ ಕಡಿಮೆ, ತಂತಿಯನ್ನು ನೆಟ್ಟಗೆ ನಿಲ್ಲಿಸುವುದಕ್ಕೆ ಸಾಕು. ಕೀಲನ್ನು ಕೈಯಿಂದ ಮೆಲ್ಲಗೆ ತಿರುಗಿಸುತ್ತಾ ಲೋಡ್ ಸೆಲ್ (ಎಳೆತ ಅಳೆಯುವ ಸೆನ್ಸರ್) ಓದನ್ನು ಎನ್‌ಕೋಡರ್ (ತಿರುಗಿದ ಕೋನ ಅಳೆಯುವ ಸೆನ್ಸರ್) ಕೋನದ ಎದುರು ಬರೆದರೆ ಗೆರೆ ಮೊದಲು ಮಲಗಿರುತ್ತದೆ, ಒಂದೆಡೆ ಮೊಣಕಾಲಿನಂತೆ ಎದ್ದೇಳುತ್ತದೆ. ಮಲಗಿದ ಭಾಗದ ಕೋನವನ್ನು (ರೇಡಿಯನ್ ಲೆಕ್ಕದಲ್ಲಿ) ರಾಟೆಯ ತ್ರಿಜ್ಯದಿಂದ ಗುಣಿಸಿ. ಅದೇ ಸಡಿಲ.

ಲೋಡ್ ಸೆಲ್ ಇಲ್ಲದವರಿಗೆ ಒಂದು ಅಗ್ಗದ ಉಪಾಯವಿದೆ: ತಂತಿಯನ್ನು ಬೆರಳಿನಿಂದ ಮೀಟಿ. ಬಿಗಿ ಹೆಚ್ಚಿದಷ್ಟೂ ಕಂಪನ ವೇಗವಾಗುತ್ತದೆ. ನಿಟಿನಾಲ್ ಸಾಂದ್ರತೆ ಘನ ಮೀಟರಿಗೆ 6450 ಕೆ.ಜಿ. ಲೆಕ್ಕ ಹಾಕಿದರೆ ನಿಮ್ಮ ತಂತಿ 1 ನ್ಯೂಟನ್ ಎಳೆತದಲ್ಲಿ ಸೆಕೆಂಡಿಗೆ 187 ಸಲ ಕಂಪಿಸಬೇಕು, 0.2 ನ್ಯೂಟನ್ನಿನಲ್ಲಿ 84 ಸಲ. ಸೆಕೆಂಡಿಗೆ 240 ಫ್ರೇಮ್ ತೆಗೆಯುವ ಮೊಬೈಲ್ ಕ್ಯಾಮೆರಾದಲ್ಲಿ ಈ ಎರಡನೆಯದನ್ನು ಎಣಿಸಬಹುದು. ಎಳೆತ ಕಂಪನದ ವರ್ಗಕ್ಕೆ ಅನುಗುಣವಾಗಿ ಬದಲಾಗುತ್ತದೆ, ಆದ್ದರಿಂದ ಎಣಿಕೆಯಲ್ಲಿ 5 ಶೇಕಡಾ ತಪ್ಪಿದರೆ ಎಳೆತದಲ್ಲಿ 10 ಶೇಕಡಾ ತಪ್ಪುತ್ತದೆ. ಜೋಡಣೆಯ ಹೊತ್ತಿಗೆ ಎರಡು ತಂತಿಗಳನ್ನು ಸರಿಸಮ ಮಾಡಲು ಇಷ್ಟು ಧಾರಾಳವಾಯಿತು. ಯಂತ್ರ ಓಡುತ್ತಿರುವಾಗ ಮಾತ್ರ ಇದು ಉಪಯೋಗಕ್ಕೆ ಬಾರದು.

ಓಡುತ್ತಿರುವಾಗ ಏನು ಮಾಡುವುದು? ಹಲವರು ತಂತಿಯ ರೆಸಿಸ್ಟೆನ್ಸನ್ನೇ ಸೆನ್ಸರ್ ಮಾಡಿಕೊಳ್ಳುತ್ತಾರೆ. 1988ರಷ್ಟು ಹಿಂದೆಯೇ ಜಪಾನಿನ ಕೋಜಿ ಇಕುತಾ ಮತ್ತು ಸಂಗಡಿಗರು ಇದನ್ನು ಮಾಡಿ ತೋರಿಸಿದ್ದರು. ಕುಗ್ಗಿದ ತಂತಿ ಗಿಡ್ಡವೂ ದಪ್ಪವೂ ಆಗುತ್ತದೆ, ಜೊತೆಗೆ ಲೋಹದ ಒಳರಚನೆಯೂ ಬದಲಾಗುತ್ತದೆ, ಹಾಗಾಗಿ ಪೂರ್ತಿ ಕುಗ್ಗುವಷ್ಟರಲ್ಲಿ ರೆಸಿಸ್ಟೆನ್ಸ್ 10 ಶೇಕಡಾ ಆಚೀಚೆ ಇಳಿಯುತ್ತದೆ. ಆದರೆ ಇಲ್ಲೊಂದು ತೊಡಕಿದೆ. ರೆಸಿಸ್ಟೆನ್ಸ್ ಹೇಳುವುದು ಲೋಹದ ಸ್ಥಿತಿಯನ್ನು. ತಂತಿ ಬಿಗಿಯಾಗಿ ನಿಂತಿದೆಯೋ ಜೋಲು ಬಿದ್ದಿದೆಯೋ ಅದಕ್ಕೆ ಗೊತ್ತಿಲ್ಲ. ನೆಟ್ಟಗಿರುವ ಅದೇ ಉದ್ದದ ತಂತಿಗೂ ಬಾಗಿ ಬಿದ್ದ ತಂತಿಗೂ ಓದು ಒಂದೇ. ಸಡಿಲ ಸಿಕ್ಕಿಬೀಳುವುದು ಎರಡು ಓದುಗಳನ್ನು ಜೊತೆಗಿಟ್ಟು ನೋಡಿದಾಗ. ಕರೆಂಟ್ ಕೊಟ್ಟಿದ್ದೀರಿ, ರೆಸಿಸ್ಟೆನ್ಸ್ ಇಳಿಯುತ್ತಿದೆ, ಅಂದರೆ ತಂತಿ ಕುಗ್ಗುತ್ತಿದೆ. ಆದರೂ ಎನ್‌ಕೋಡರ್ ಅಲ್ಲಾಡುತ್ತಿಲ್ಲ. ಆ ನಡುವಿನ ಇಳಿತವೇ ಸಡಿಲದ ಅಳತೆ. ಕಾಯುವ ಮೊದಲ ಕ್ಷಣದಲ್ಲಿ ರೆಸಿಸ್ಟೆನ್ಸ್ ಕೊಂಚ ಏರಿ ಆಮೇಲೆ ಇಳಿಯುತ್ತದೆ, ಆದ್ದರಿಂದ ಎಣಿಕೆಯನ್ನು ಆ ಶಿಖರದಿಂದ ಶುರುಮಾಡಿ, ಕರೆಂಟ್ ಕೊಟ್ಟ ಗಳಿಗೆಯಿಂದಲ್ಲ.

ಸರ್ಕ್ಯೂಟ್ ಬಗ್ಗೆ ಎರಡು ಮಾತು, ಏಕೆಂದರೆ ಎಡವುವುದು ಇಲ್ಲೇ. ನಿಮ್ಮ ತಂತಿ ಮೀಟರಿಗೆ 55 ಓಮ್, ಅಂದರೆ ತುಂಡಿಗೆ 14 ಓಮ್ ಹತ್ತಿರ. ತಂತಿ 0.1 ಶೇಕಡಾ ಕುಗ್ಗಿದ್ದನ್ನು ಗುರುತಿಸಬೇಕಾದರೆ ರೆಸಿಸ್ಟೆನ್ಸಿನಲ್ಲಿ ಸುಮಾರು 0.2 ಶೇಕಡಾ ಕಾಣಬೇಕು. 20 ಮಿಲಿಆಂಪ್ ಸಣ್ಣ ಕರೆಂಟಿನಲ್ಲಿ ಅದು ಅರ್ಧ ಮಿಲಿವೋಲ್ಟ್ ಚಿಲ್ಲರೆ. 3.3 ವೋಲ್ಟಿನ 12 ಬಿಟ್ ಎಡಿಸಿಯ (ವೋಲ್ಟೇಜನ್ನು ಅಂಕಿಯಾಗಿಸುವ ಭಾಗ) ಒಂದು ಮೆಟ್ಟಿಲೇ 0.8 ಮಿಲಿವೋಲ್ಟ್, ಏನೂ ಕಾಣದು. ಕಾಯಿಸುವ 400 ಮಿಲಿಆಂಪ್ ಹರಿಯುತ್ತಿರುವಾಗಲೇ ಅಳೆದರೆ ಅದೇ ಬದಲಾವಣೆ 11 ಮಿಲಿವೋಲ್ಟ್ ಆಗುತ್ತದೆ. ಹಾಗಾಗಿ ಪಿಡಬ್ಲ್ಯುಎಂ (ಕರೆಂಟನ್ನು ವೇಗವಾಗಿ ಆನ್-ಆಫ್ ಮಾಡಿ ಹದದಲ್ಲಿಡುವ ವಿಧಾನ) ಪಲ್ಸ್ ಆನ್ ಇರುವಾಗ, ಅಂಚಿನ ಗದ್ದಲ ಅಡಗಿದ ಮೇಲೆ, ಸ್ಯಾಂಪಲ್ ಮಾಡಿ. ತಂತಿಯ ಮೇಲಿನ ವೋಲ್ಟೇಜ್ 5 ದಾಟುವುದರಿಂದ ಡಿವೈಡರ್ (ವೋಲ್ಟೇಜ್ ಇಳಿಸುವ ರೆಸಿಸ್ಟರ್ ಜೋಡಿ) ಬೇಕಾಗುತ್ತದೆ, ಅದರಲ್ಲಿ ಸ್ವಲ್ಪ ಸೂಕ್ಷ್ಮತೆ ಹೋಗುತ್ತದೆ, ಹೋಗಲಿ. ವೋಲ್ಟೇಜನ್ನು ಮಾತ್ರ ಕ್ರಿಂಪಿನ ಆಚೆಯಿಂದ ತೆಗೆಯಬೇಡಿ. ಕಾಲ ಕಳೆದಂತೆ ಕ್ರಿಂಪಿನ ಸಂಪರ್ಕವೇ ಹದಗೆಡುತ್ತದೆ, ನೀವು ಅದನ್ನು ತಂತಿಯ ಬದಲಾವಣೆ ಎಂದು ಓದುತ್ತೀರಿ. ನಾಲ್ಕು ತಂತಿಯ ಅಳತೆಯೇ (ಕರೆಂಟಿಗೆ ಎರಡು ವೈರ್, ವೋಲ್ಟೇಜ್ ಓದಲು ಬೇರೆ ಎರಡು) ಸರಿ.

ಇಷ್ಟಾದರೂ, ದುಡ್ಡು ಮತ್ತು ಜಾಗ ಇದ್ದರೆ ನಾನು ಆರಿಸುವುದು ಪ್ರತಿ ತಂತಿಗೊಂದು ಲೋಡ್ ಸೆಲ್. ಕಾರಣ ಮುಂದಿನದು: ಹತೋಟಿಯಲ್ಲಿ ಇಡಬೇಕಾದ್ದು ಉದ್ದವನ್ನಲ್ಲ, ಎಳೆತವನ್ನು.

ಎರಡು ತಂತಿಗಳ ಹಗ್ಗಜಗ್ಗಾಟದಲ್ಲಿ ಸೋಲುವ ಕಡೆಯವನೂ ಹಗ್ಗ ಬಿಡಬಾರದು. ಪ್ರತಿ ತಂತಿಗೂ ಎಳೆತದ ಒಂದು ಕೆಳಮಿತಿ ಇಡಿ, ನಿಮಗೆ 0.2 ನ್ಯೂಟನ್ ಎನ್ನೋಣ. ಕೆಲಸವಿಲ್ಲದ ತಂತಿಯ ಎಳೆತ ಅದಕ್ಕಿಂತ ಇಳಿದರೆ, ಇಳಿದಷ್ಟಕ್ಕೆ ತಕ್ಕಂತೆ ಅದಕ್ಕೂ ಸ್ವಲ್ಪ ಕರೆಂಟ್ ಹರಿಯಲಿ. ಅದು ಪೂರ್ತಿ ತಣ್ಣಗಾಗುವುದಿಲ್ಲ, ತಾನಾಗಿ ಉದ್ದವಾಗುವ ಕೊನೆಯ ಹಂತಕ್ಕೆ ಹೋಗುವುದಿಲ್ಲ. ಜೋಲು ಬಿದ್ದ ಮೇಲೆ ಎಳೆದುಕೊಳ್ಳುವುದಲ್ಲ, ಬೀಳುವುದಕ್ಕೆ ಬಿಡದಿರುವುದು ಇಲ್ಲಿನ ಉಪಾಯ. ಆಸ್ಟ್ರೇಲಿಯಾದಲ್ಲಿ ಯೀ ಹಾರ್ನ್ ತೆ ಮತ್ತು ರಾಯ್ ಫೆದರ್‌ಸ್ಟೋನ್ 2008ರಲ್ಲಿ ಪ್ರಕಟಿಸಿದ ನಿಯಂತ್ರಣ ವ್ಯವಸ್ಥೆಯಲ್ಲಿ ಇದೇ ಬಗೆಯ ಸಡಿಲ ತಡೆ ಇದೆ. ಜೊತೆಗೆ ಎಳೆತ ಮೇಲ್ಮಿತಿ ದಾಟಿದರೆ ಕರೆಂಟ್ ಕತ್ತರಿಸುವ ಭಾಗವೂ, ರೆಸಿಸ್ಟೆನ್ಸ್ ನೋಡಿ ಎಷ್ಟು ಕರೆಂಟ್ ತಡೆದೀತು ಎಂದು ನಿರ್ಧರಿಸುವ ಭಾಗವೂ ಇವೆ. ಈ ತಂತಿಗಳು ನಿಧಾನ ಎಂಬ ಹೆಸರು ಪಡೆದಿದ್ದರೂ ಸಣ್ಣ ಪ್ರಮಾಣದ ಬಲ ಬದಲಾವಣೆಗೆ ಅವು ಅಚ್ಚರಿಯಷ್ಟು ಚುರುಕಾಗಿ ಸ್ಪಂದಿಸುತ್ತವೆ ಎಂದು ಅವರೇ ಹಿಂದೆ ತೋರಿಸಿದ್ದರು. ಎಳೆತದ ಹತೋಟಿ ಕೆಲಸ ಮಾಡುವುದು ಆ ಕಾರಣಕ್ಕೇ. ನಿಮ್ಮ ಮೇಲ್ಮಿತಿಯನ್ನು 3 ನ್ಯೂಟನ್ನಿಗೆ ಇಡಿ, 172 ಮೆಗಾಪಾಸ್ಕಲ್ ಅಲ್ಲಿಗೇ ಬರುತ್ತದೆ.

ಕೆಳಮಿತಿಯನ್ನು ಎತ್ತರಿಸುವ ಆಸೆ ಬೇಡ. ಅರ್ಧ ನ್ಯೂಟನ್, ಒಂದು ನ್ಯೂಟನ್ ಎಂದು ಏರಿಸಿದರೆ ಕೀಲು ಗಟ್ಟಿಯಾಗಿ ನಿಂತಂತೆ ತೋರುತ್ತದೆ ನಿಜ, ಆದರೆ ಎರಡೂ ತಂತಿ ಸದಾ ಬೆಚ್ಚಗಿದ್ದು ಪರಸ್ಪರ ಕಾದಾಡುತ್ತವೆ. ವಿದ್ಯುತ್ ವ್ಯರ್ಥ, ತಿರುಗುವ ಕೋನ ಕಡಿಮೆ, ಆಯಸ್ಸೂ ಕಡಿಮೆ.

ನಿಮ್ಮ ಪ್ರೋಗ್ರಾಮಿನಲ್ಲಿ ಪಿಐಡಿ (ಗುರಿಗೂ ಈಗಿನ ಸ್ಥಾನಕ್ಕೂ ಇರುವ ವ್ಯತ್ಯಾಸ, ಅಂದರೆ ದೋಷ, ನೋಡಿ ಕರೆಂಟ್ ತಿದ್ದುವ ಸೂತ್ರ) ಇದ್ದರೆ ಆ ಜಿಗಿತದ ಅರ್ಧ ತಪ್ಪು ಅದರದ್ದೇ ಇರಬೇಕು. ತಂತಿ ಜೋಲನ್ನು ತಿನ್ನುತ್ತಿರುವಷ್ಟು ಹೊತ್ತೂ ಕೀಲು ನಿಂತಿರುತ್ತದೆ, ದೋಷ ಹಾಗೇ ಇರುತ್ತದೆ, ಇಂಟಿಗ್ರಲ್ ಭಾಗ ಅದನ್ನು ಕೂಡುತ್ತಲೇ ಹೋಗುತ್ತದೆ. ಜೋಲು ಮುಗಿದ ಕ್ಷಣ ಕೂಡಿಟ್ಟಿದ್ದೆಲ್ಲ ಒಟ್ಟಿಗೆ ಸುರಿಯುತ್ತದೆ. ಎಳೆತ ಕೆಳಮಿತಿಗಿಂತ ಕಡಿಮೆ ಇರುವಾಗ ಇಂಟಿಗ್ರಲ್ ನಿಲ್ಲಿಸುವ ಒಂದೇ ಸಾಲು ಸೇರಿಸಿ ನೋಡಿ. ಇನ್ನೊಂದು ಅಪಾಯವೂ ಇಲ್ಲಿ ಅಡಗಿದೆ: ಈ ಲೋಹ ಬದಲಾಗುವ ಉಷ್ಣಾಂಶ ಎಳೆತದ ಜೊತೆ ಏರುತ್ತದೆ, ಪ್ರತಿ 6ರಿಂದ 8 ಮೆಗಾಪಾಸ್ಕಲ್‌ಗೆ ಒಂದು ಡಿಗ್ರಿಯಂತೆ. ಸಡಿಲ ತಂತಿ ಎಳೆತವಿಲ್ಲದೆ ಬೇಗ, ಕಡಿಮೆ ಬಿಸಿಯಲ್ಲೇ, ಪೂರ್ತಿ ಕುಗ್ಗಿಬಿಡುತ್ತದೆ. ಅದಾದ ಮೇಲೂ ಭಾರ ಹೊತ್ತ ತಂತಿಗೆ ಕೊಡುವಷ್ಟೇ ಕರೆಂಟ್ ಹರಿಸುತ್ತಿದ್ದರೆ ಅದೆಲ್ಲ ಬರೀ ತಂತಿಯನ್ನು ಸುಡಲು ಹೋಗುತ್ತದೆ.

ಲೋಡ್ ಸೆಲ್ ಹಾಕಲಾರದಿದ್ದರೆ ಪ್ರತಿ ತಂತಿಯ ಸಾಲಿನಲ್ಲೇ ಒಂದು ಸಣ್ಣ ಸ್ಪ್ರಿಂಗ್ ಇಡಿ, ಆದರೆ ತಡೆ ಇರುವಂಥದ್ದು. ಮಿ.ಮೀ.ಗೆ 0.3 ನ್ಯೂಟನ್ ಬಿರುಸಿನ ಸ್ಪ್ರಿಂಗನ್ನು 0.2 ನ್ಯೂಟನ್ ಮುನ್ನೆಳೆತದಲ್ಲಿ ಕೂರಿಸಿ, 1 ಮಿ.ಮೀ. ಹಿಗ್ಗಿದ ಮೇಲೆ ತಡೆಗೆ ತಾಗುವಂತೆ ಮಾಡಿ. 0.5 ನ್ಯೂಟನ್ ದಾಟಿದ ಮೇಲೆ ಸ್ಪ್ರಿಂಗ್ ಇಲ್ಲದಂತೆಯೇ, ನೇರ ಕೊಂಡಿ. ಅದಕ್ಕಿಂತ ಕಡಿಮೆಯಾದಾಗ ಮಾತ್ರ ಅದು ಜೋಲನ್ನು ನುಂಗುತ್ತದೆ. ತಡೆ ಇಲ್ಲದ ಬರೀ ಸ್ಪ್ರಿಂಗ್ ಹಾಕಿದರೆ ಅದು ನಿಮ್ಮ 10 ಮಿ.ಮೀ. ಎಳೆತದಲ್ಲೇ ಪಾಲು ಕೇಳುತ್ತದೆ.

ಹೊಸ ತಂತಿ ಹಾಕುವಾಗ ನೇರವಾಗಿ ಯಂತ್ರಕ್ಕೆ ಕಟ್ಟಬೇಡಿ. ಶಾಶ್ವತ ಹಿಗ್ಗುವಿಕೆಯ ಬಹುಪಾಲು ಆರಂಭದ ಸುತ್ತುಗಳಲ್ಲೇ ಆಗಿಹೋಗುತ್ತದೆ. ಬೇಕಾದ್ದಕ್ಕಿಂತ ಉದ್ದದ ತುಂಡಿಗೆ 200 ಗ್ರಾಂ ತೂಕ ನೇತುಹಾಕಿ, ಕೆಲವು ನೂರು ಸಲ ಕಾಯಿಸಿ ಆರಿಸಿ, ಬಿಸಿ ಉದ್ದದ ಏರಿಕೆ ನಿಧಾನವಾಗುವವರೆಗೆ ಕಾಯಿರಿ. ಆಮೇಲೆ ಕತ್ತರಿಸಿ ಕ್ರಿಂಪ್ ಮಾಡಿ. ಬೆಸುಗೆ ಹಾಕುವ ಯೋಚನೆ ಬೇಡ. ತವರದ ಬೆಸುಗೆ ಇದರ ಆಕ್ಸೈಡ್ ಮೇಲೆ ಸರಿಯಾಗಿ ಹಿಡಿಯುವುದೂ ಇಲ್ಲ, ಆ ಬಿಸಿ ಲೋಹಕ್ಕೆ ಒಳ್ಳೆಯದೂ ಅಲ್ಲ.

ಕೊನೆಗೆ, ತುಂಡಾದ ತಂತಿಯನ್ನು ಎಸೆದಿಲ್ಲ ತಾನೇ? ಎಲ್ಲಿ ಮುರಿದಿದೆ ನೋಡಿ. ಕ್ರಿಂಪಿನ ಬಾಯಲ್ಲೇ ಮುರಿದಿದ್ದರೆ ಅಲ್ಲಿ ತಂತಿ ಪ್ರತಿ ಸಲವೂ ಬಾಗುತ್ತಿತ್ತು ಎಂದರ್ಥ, ಕ್ರಿಂಪನ್ನು ಎಳೆತದ ನೇರಕ್ಕೆ ತಿರುಗಿಸಿ. ಮಧ್ಯದಲ್ಲಿ ಮುರಿದಿದ್ದು ಆ ಜಾಗದ ಬಣ್ಣ ಉಳಿದ ತಂತಿಗಿಂತ ಬೇರೆಯಾಗಿದ್ದರೆ ಜೋಲು ಬಿದ್ದಾಗ ಎಲ್ಲೋ ತಾಗಿ ಸುಟ್ಟಿದೆ. ಬಣ್ಣ ಒಂದೇ ಆಗಿದ್ದರೆ ಅದು ಸ್ಕ್ರೂವಿನ ಕೆಲಸ.